ಹೊಣೆ ಹೊರುವವನ ತವಕ್ಕುಲ್

ಕನ್ನಡದಲ್ಲಿ ನಾವು ದಿನಕ್ಕೆ ಹತ್ತು ಸಲ ಬಳಸುವ ‘ಜವಾಬ್ದಾರಿ’ ಎಂಬ ಪದ ಪಾರಸಿ, ಉರ್ದುಗಳ ಮೂಲಕ ನಮ್ಮಲ್ಲಿಗೆ ಬಂದುದು. ಜವಾಬು ಎಂದರೆ ಉತ್ತರ. ಜವಾಬ್ದಾರನೆಂದರೆ ಉತ್ತರ ಕೊಡಬೇಕಾದವನು. ಮುಖ್ಯೋಪಾಧ್ಯಾಯರ ಕುರ್ಚಿಯಿರಲಿ, ಮಸೀದಿಯ ಆಡಳಿತ ಸಮಿತಿಯ ಅಧ್ಯಕ್ಷತೆಯಿರಲಿ, ತಂದೆ ತೀರಿಕೊಂಡ ಮನೆಯಲ್ಲಿ ತಮ್ಮ ತಂಗಿಯರ ಭಾರ ಹೊತ್ತ ಹಿರಿಮಗನ ಪಾಡಿರಲಿ, ಎಲ್ಲೆಡೆಯೂ ಅರ್ಥ ಒಂದೇ. ನಾಳೆ ಯಾರಾದರೂ ‘ಏನು ಮಾಡಿದೆ?’ ಎಂದು ಕೇಳಿದರೆ ಹೇಳಲು ಉತ್ತರವಿರಬೇಕು.

ಅರಬಿಯಿಂದ ಬಂದ ಇನ್ನೊಂದು ಪದ ‘ವಕೀಲ’. ತವಕ್ಕುಲ್, ಅಂದರೆ ಅಲ್ಲಾಹನ ಮೇಲೆ ಭರವಸೆಯಿಡುವುದು ಎಂಬ ಪದವೂ ಇದೇ ಧಾತುವಿನಿಂದ ಹುಟ್ಟಿದ್ದು. ಅಲ್ಲಾಹನ ನಾಮಗಳಲ್ಲಿ ‘ಅಲ್ ವಕೀಲ್’ ಕೂಡ ಒಂದು. ನಮ್ಮ ಕೈಮೀರಿದ್ದನ್ನು ಸರ್ವವನ್ನೂ ಬಲ್ಲವನಿಗೆ ವಹಿಸಿಕೊಡುವುದೇ ತವಕ್ಕುಲ್. ಆದರೆ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು, ವಕಾಲತ್ತಿಗೆ ಸಹಿ ಹಾಕಿದ ಮಾತ್ರಕ್ಕೆ ಕಕ್ಷಿದಾರನ ಕೆಲಸ ಮುಗಿಯುವುದಿಲ್ಲ. ಕಾಗದಪತ್ರ ಒದಗಿಸಬೇಕು, ವಾಯಿದೆಯ ದಿನ ಹಾಜರಾಗಬೇಕು, ಕಟಕಟೆಯಲ್ಲಿ ನಿಂತು ನಿಜ ಹೇಳಬೇಕು.

ಹೊಸ ಹೊಣೆಯೊಂದು ಹೆಗಲಿಗೇರಿದಾಗ ಈ ಎರಡು ಪದಗಳು ಎದುರುಬದುರಾಗಿ ನಿಲ್ಲುತ್ತವೆ. ಎಲ್ಲವನ್ನೂ ಅಲ್ಲಾಹನಿಗೆ ಒಪ್ಪಿಸಿದ ಮೇಲೆ ನಾನೇಕೆ ಉತ್ತರ ಕೊಡಬೇಕು? ನಾನೇ ಉತ್ತರ ಕೊಡಬೇಕಾದರೆ ಅವನಿಗೆ ಒಪ್ಪಿಸಿದ್ದಾದರೂ ಏನನ್ನು?

ಪವಿತ್ರ ಕುರ್‌ಆನಿನ ‘ತಾಹಾ’ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರ ಪ್ರಸಂಗವಿದೆ. ಅವರು ಈಜಿಪ್ಟಿನಿಂದ ತಲೆತಪ್ಪಿಸಿಕೊಂಡು ಹೋಗಿದ್ದವರು. ಅಲ್ಲಿ ಅವರ ಕೈಯಿಂದ ಒಬ್ಬ ಸತ್ತಿದ್ದ. ವರ್ಷಗಳ ನಂತರ ಅದೇ ದೇಶದ ಅದೇ ಅರಮನೆಗೆ, ಫಿರ್‌ಔನನ ಬಳಿಗೆ ಹೋಗೆಂದು ಅಲ್ಲಾಹನ ಆಜ್ಞೆಯಾಯಿತು. ಇದಕ್ಕಿಂತ ಭಾರವಾದ ನೇಮಕಾತಿ ಇನ್ನೊಂದಿರಲಾರದು. ಮೂಸಾ(ಅ) ಒಲ್ಲೆನೆಂದು ಹಿಂಜರಿಯಲಿಲ್ಲ, ಎಲ್ಲ ನಾನು ನೋಡಿಕೊಳ್ಳುತ್ತೇನೆಂದೂ ಹೇಳಲಿಲ್ಲ. ತಮ್ಮ ಎದೆಯನ್ನು ವಿಶಾಲಗೊಳಿಸೆಂದು, ಕೆಲಸವನ್ನು ಹಗುರಗೊಳಿಸೆಂದು, ನಾಲಗೆಯ ಗಂಟನ್ನು ಸಡಿಲಿಸೆಂದು ಬೇಡಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಸಹೋದರ ಹಾರೂನ್(ಅ)ರನ್ನು ತಮ್ಮ ಜೊತೆಗಾರನನ್ನಾಗಿ ಮಾಡೆಂದೂ ಕೇಳಿದರು. ಅವರು ನನಗಿಂತ ಚೆನ್ನಾಗಿ ಮಾತಾಡಬಲ್ಲವರು ಎಂಬ ಕಾರಣವನ್ನೂ ಕೊಟ್ಟರೆಂದು ಕುರ್‌ಆನ್ ಬೇರೊಂದೆಡೆ ಹೇಳುತ್ತದೆ.

ಇಲ್ಲಿ ಯೋಚಿಸಬೇಕಾದದ್ದಿದೆ. ಸಾಕ್ಷಾತ್ ದೇವನೊಡನೆ ಮಾತಾಡುತ್ತಿದ್ದವರಿಗೆ ಒಬ್ಬ ಮನುಷ್ಯನ ನೆರವು ಏಕೆ ಬೇಕಾಯಿತು? ಅಲ್ಲಾಹನೇ ಸಾಲದೆ? ಆದರೆ ಕೇಳಿದ್ದು ತಪ್ಪೆಂದು ಅಲ್ಲಾಹನು ಹೇಳಲಿಲ್ಲ, ಬೇಡಿದ್ದನ್ನೆಲ್ಲ ಕೊಟ್ಟನು. ಅಂದರೆ ತನ್ನ ಕೊರತೆ ಯಾವುದೆಂದು ಅರಿಯುವುದು, ಅದನ್ನು ತುಂಬಬಲ್ಲವರನ್ನು ಜೊತೆಗೆ ಸೇರಿಸಿಕೊಳ್ಳುವುದು ತವಕ್ಕುಲಿಗೆ ವಿರುದ್ಧವಲ್ಲ, ಅದರ ಭಾಗವೇ ಆಗಿದೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಹೊಸದಾಗಿ ಆಯ್ಕೆಯಾದ ಎಷ್ಟು ಮಂದಿ ‘ಈ ಕೆಲಸ ನನಗಿಂತ ಇವರಿಗೆ ಚೆನ್ನಾಗಿ ಬರುತ್ತದೆ, ಇವರನ್ನು ನನ್ನ ಜೊತೆಗೆ ಕೊಡಿ’ ಎಂದು ಕೇಳಿದ್ದಾರೆ?

ಸುಮಾರು ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಅವತೀರ್ಣವಾದಾಗ ಪ್ರವಾದಿ ಮುಹಮ್ಮದ್(ಸ) ನಡುಗುತ್ತಾ ಮನೆಗೆ ಬಂದು, ಹೊದೆಸಲು ಹೇಳಿದರು. ಆಗ ಪತ್ನಿ ಖದೀಜಾ(ರ) ಹೇಳಿದ ಸಾಂತ್ವನದಲ್ಲಿ ಒಂದು ತರ್ಕವಿದೆ. ನೀವು ಬಂಧುಗಳನ್ನು ನೋಡಿಕೊಳ್ಳುವವರು, ನಿರ್ಬಲರ ಭಾರ ಹೊರುವವರು, ಅತಿಥಿಗಳನ್ನು ಸತ್ಕರಿಸುವವರು, ಅಲ್ಲಾಹನು ನಿಮ್ಮ ಕೈಬಿಡಲಾರನು ಎಂಬುದು ಆ ಮಾತಿನ ಸಾರ. ಮುಂದೆ ಬರಲಿರುವ ದೊಡ್ಡ ಹೊಣೆಗೆ ಬೇಕಾದ ಧೈರ್ಯವನ್ನು ಅವರು ಹಿಂದೆ ನಿಭಾಯಿಸಿದ ಸಣ್ಣ ಹೊಣೆಗಳಿಂದ ತೆಗೆದುಕೊಟ್ಟರು. ಮೀಸಲಾತಿಯಿಂದ ಗ್ರಾಮ ಪಂಚಾಯತ್ ಸದಸ್ಯೆಯಾಗಿ ಮೊದಲ ಸಭೆಗೆ ಹೊರಟು, ‘ನನ್ನಿಂದ ಆದೀತೆ?’ ಎಂದು ಅಂಜುವ ಹೆಣ್ಣುಮಗಳಿಗೂ ಮನೆಯಲ್ಲಿ ಯಾರಾದರೂ ಹೀಗೆ ಹೇಳಬೇಕು. ನಳ್ಳಿಯ ಸಾಲಿನಲ್ಲಿ, ರೇಷನ್ ಅಂಗಡಿಯಲ್ಲಿ, ಸ್ವಸಹಾಯ ಸಂಘದ ಲೆಕ್ಕದಲ್ಲಿ ಅವಳು ಕಲಿತದ್ದು ಕಡಿಮೆಯದಲ್ಲ. ಅದನ್ನು ಬಿಟ್ಟು ‘ನೀನು ಸಹಿ ಹಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಗಂಡ, ಅವಳ ಜವಾಬನ್ನೇ ಕಸಿದುಕೊಳ್ಳುತ್ತಾನೆ.

ಹಾಗಾದರೆ ಬಂದ ಹೊಣೆಯನ್ನೆಲ್ಲ ಒಪ್ಪಿಕೊಳ್ಳಬೇಕೆ? ಹಾಗೇನಿಲ್ಲ. ಅಧಿಕಾರ ಕೇಳಿದ ಅಬೂದರ್(ರ)ರಿಗೆ ಪ್ರವಾದಿ(ಸ)ಯವರು, ನೀವು ದುರ್ಬಲರು, ಇದು ಅಮಾನತು ಎಂದು ತಿಳಿಹೇಳಿ ನಿರಾಕರಿಸಿದರು. ಅಬೂದರ್‌ರ ಭಕ್ತಿ, ಪ್ರಾಮಾಣಿಕತೆಗಳ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆದರೆ ಭಕ್ತಿಯಿದ್ದ ಮಾತ್ರಕ್ಕೆ ಆಡಳಿತದ ಸಾಮರ್ಥ್ಯ ಬರುವುದಿಲ್ಲ. ಇನ್ನೊಂದೆಡೆ, ಬೈಬಲ್ ಓದಿದವರಿಗೆ ಜೋಸೆಫ್ ಎಂದು ಪರಿಚಿತರಾದ ಪ್ರವಾದಿ ಯೂಸುಫ್(ಅ), ಬರಗಾಲ ಬರಲಿರುವುದನ್ನು ಅರಿತು ಈಜಿಪ್ಟಿನ ಉಗ್ರಾಣಗಳ ಉಸ್ತುವಾರಿಯನ್ನು ತಾವಾಗಿಯೇ ಕೇಳಿ ಪಡೆದರು. ಕಾಪಾಡಬಲ್ಲೆ, ತಿಳಿದವನಿದ್ದೇನೆ ಎಂಬ ಎರಡು ಅರ್ಹತೆಗಳನ್ನು ಮುಂದಿಟ್ಟರು. ಅಲ್ಲಾಹನ ಮೇಲಿನ ಭರವಸೆ ಅರ್ಹತೆಯ ಬದಲಿಗೆ ಇಡುವ ವಸ್ತುವಲ್ಲ.

ಕ್ರಿ.ಶ. 625ರ ಉಹುದ್ ಯುದ್ಧದ ಸಂದರ್ಭ ಈ ವಿಷಯದಲ್ಲಿ ಇನ್ನೊಂದು ಪಾಠ ಕಲಿಸುತ್ತದೆ. ಮದೀನಾದೊಳಗೇ ಇದ್ದು ಎದುರಿಸುವುದು ಪ್ರವಾದಿ(ಸ)ಯವರ ಒಲವಾಗಿತ್ತು. ಹೊರಗೆ ಹೋಗಿ ಹೋರಾಡೋಣವೆಂದವರು, ಮುಖ್ಯವಾಗಿ ಯುವಕರು, ಹೆಚ್ಚಾಗಿದ್ದುದರಿಂದ ಅವರು ಹೊರಟರು. ಬೆಟ್ಟದಲ್ಲಿ ನಿಲ್ಲಿಸಿದ್ದ ಬಿಲ್ಲುಗಾರರಲ್ಲಿ ಬಹುಮಂದಿ ಜಾಗ ಬಿಟ್ಟಿಳಿದರು. ಸುಮಾರು 70 ಸಂಗಾತಿಗಳು ಹುತಾತ್ಮರಾದರು, ಪ್ರವಾದಿ(ಸ)ಯವರೂ ಗಾಯಗೊಂಡರು. ಇನ್ನು ಮುಂದೆ ಇವರ ಮಾತು ಕೇಳಬೇಡ ಎಂಬ ಆದೇಶ ಬಂದಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಬಂದದ್ದು ಬೇರೆ. ಅವರನ್ನು ಕ್ಷಮಿಸು, ಅವರೊಡನೆ ಸಮಾಲೋಚಿಸು, ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬರ್ಥದ ಆದೇಶ. ಸಮಾಲೋಚನೆ, ನಿರ್ಧಾರ, ಆಮೇಲೆ ತವಕ್ಕುಲ್. ನಮ್ಮಲ್ಲಿ ಹಲವರು ಮೊದಲಿನ ಎರಡನ್ನು ದಾಟಿ ನೇರ ಮೂರನೆಯದಕ್ಕೆ ಬರುತ್ತಾರೆ. ‘ಇನ್‌ಶಾ ಅಲ್ಲಾಹ್, ಮಾಡೋಣ’ ಎಂಬುದು ಎಷ್ಟೋ ಸಲ ‘ಮಾಡುವುದಿಲ್ಲ’ ಎಂಬುದರ ಸಭ್ಯ ರೂಪವಾಗಿಬಿಟ್ಟಿದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ಸಮಿತಿಯ ಲೆಕ್ಕ ಕೇಳಿದರೆ ‘ನಾನು ಅಲ್ಲಾಹನಿಗೆ ಉತ್ತರ ಕೊಡುತ್ತೇನೆ’ ಎಂದು ಕೆಲವರು ಎದ್ದು ಹೋಗುತ್ತಾರೆ. ಕೇಳಲು ಈ ಮಾತು ಭಕ್ತಿಯಂತೆಯೇ ಇದೆ. ಆದರೆ ಕ್ರಿ.ಶ. 632ರಲ್ಲಿ ಖಲೀಫರಾದ ಹ. ಅಬೂಬಕರ್(ರ) ತಮ್ಮ ಮೊದಲ ಭಾಷಣದಲ್ಲಿ, ನಾನು ನಿಮ್ಮೆಲ್ಲರಿಗಿಂತ ಉತ್ತಮನೇನಲ್ಲ, ಸರಿದಾರಿಯಲ್ಲಿದ್ದರೆ ನೆರವಾಗಿ, ತಪ್ಪಿದರೆ ತಿದ್ದಿರಿ ಎಂಬರ್ಥದ ಮಾತಾಡಿದರು. ಅಲ್ಲಾಹನ ಮೇಲೆ ಅವರಿಗಿದ್ದ ಭರವಸೆ ನಮಗಿಂತ ಕಡಿಮೆಯದಾಗಿರಲಿಲ್ಲ. ಜನರಿಗೆ ಉತ್ತರ ಕೊಡುವುದು ಅಲ್ಲಾಹನಿಗೆ ಕೊಡಬೇಕಾದ ಉತ್ತರದ ಮೊದಲ ಪುಟವೆಂದು ಅವರು ಬಲ್ಲವರಾಗಿದ್ದರು.

ಇಷ್ಟೆಲ್ಲ ನಾವೇ ಮಾಡಬೇಕಾದರೆ ತವಕ್ಕುಲ್ ಕೊಡುವ ಬಲ ಯಾವುದು? ಫಲದ ಭಾರವನ್ನು ಅದು ಹೆಗಲಿನಿಂದ ಇಳಿಸುತ್ತದೆ. ರೈತ ಉಳುತ್ತಾನೆ, ಬಿತ್ತುತ್ತಾನೆ, ಕಳೆ ಕೀಳುತ್ತಾನೆ. ಮಳೆ ಅವನ ಕೈಯಲ್ಲಿಲ್ಲ. ಮಳೆಯೂ ನನ್ನದೇ ಹೊಣೆಯೆಂದುಕೊಂಡವನು ಬೆಳೆ ಬಂದರೆ ಸೊಕ್ಕುತ್ತಾನೆ, ಬಾರದಿದ್ದರೆ ಮುರಿದುಬೀಳುತ್ತಾನೆ. ತಂಗಿಯ ಮದುವೆ, ತಮ್ಮನ ಓದು, ತಾಯಿಯ ಔಷಧಿ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಮಲಗುವ ಆ ಹಿರಿಮಗ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವನು. ಇಂದು ಮಾಡಬೇಕಾದುದನ್ನು ಮಾಡಿದ್ದೇನೆ, ಉಳಿದದ್ದು ನನ್ನ ಕೈಯಲ್ಲಿಲ್ಲ ಎಂದು ಇಶಾ ನಮಾಝಿನ ನಂತರ ತಲೆದಿಂಬಿಗೆ ಒರಗಬಲ್ಲನಾದರೆ ಅವನು ನಾಳೆಯೂ ಏಳಬಲ್ಲ.

ಮೂಸಾ(ಅ) ತಮ್ಮ ಜನರನ್ನು ಫಿರ್‌ಔನನ ಸೆರೆಯಿಂದ ಬಿಡಿಸಿ ಸಮುದ್ರ ದಾಟಿಸಿದರು. ಆದರೆ ಅವರೆಲ್ಲ ಸೇರಬೇಕಿದ್ದ ಪವಿತ್ರ ನಾಡಿನೊಳಗೆ ಕಾಲಿಡುವ ಮೊದಲೇ ತೀರಿಕೊಂಡರು. ಅವರ ಹೊಣೆ ಅಪೂರ್ಣವಾಯಿತೆಂದು ಯಾರೂ ಹೇಳುವುದಿಲ್ಲ. ಕೇಳಲಾದ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು.