ವ್ರತಿಯ ಮನೆಯಲ್ಲಿ ಮಗುವಿನ ದಾದಿ

ಅಹಿಂಸಾಣುವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಶಕ್ತಿಗೆ ಮೀರಿ ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು. ಪಾಠಶಾಲೆಯಲ್ಲಿ ಇವನ್ನು ಕಲಿಸುವಾಗ ಎತ್ತಿನ ದೃಷ್ಟಾಂತ ಕೊಡುವುದು ವಾಡಿಕೆ. ಈಗ ನಮ್ಮ ಮನಗೂಳಿಯ ಸುತ್ತಲಿನ ಹೊಲಗಳಿಗೆ ಟ್ರ್ಯಾಕ್ಟರು ಬಂದಿದೆ. ಕೊಟ್ಟಿಗೆ ಬರಿದಾದ ಮನೆಯವರು ಈ ಎರಡು ಅತಿಚಾರಗಳು ತಮಗೆ ಸಂಬಂಧಿಸಿದವಲ್ಲವೆಂದು ನಿಶ್ಚಿಂತರಾಗಿದ್ದಾರೆ. ಎತ್ತಿಲ್ಲದ ಮನೆಯಲ್ಲಿಯೂ ಭಾರ ಹೊರುವ ಜೀವವೊಂದು ಇರಬಹುದೆಂಬುದನ್ನು ಈ ಲೇಖನದಲ್ಲಿ ವಿಚಾರಿಸತಕ್ಕದ್ದಿದೆ.

ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಹೇಳುವ ಸ್ಥಿತಿಯಲ್ಲಿ ಹುಟ್ಟಿದ ಮಕ್ಕಳು ಕೆಲವು ಮನೆಗಳಲ್ಲಿದ್ದಾರೆ. ಹತ್ತು ವರ್ಷವಾದರೂ ಕೆಲವರಿಗೆ ತಾವಾಗಿ ಕುಳಿತುಕೊಳ್ಳಲಾಗದು, ತುತ್ತು ನುಂಗುವುದು ಕಷ್ಟ, ಹಸಿವಾದರೆ ಹೇಳಲು ಮಾತಿಲ್ಲ. ಹಿಂದೆ ಒಂದೇ ಸೂರಿನಡಿ ಅಜ್ಜಿ, ಅತ್ತೆ, ನೆಗೆಣ್ಣಿಯರಿದ್ದಾಗ ಈ ಸೇವೆ ಹಲವು ಕೈಗಳಲ್ಲಿ ಹಂಚಿಹೋಗುತ್ತಿತ್ತು. ಈಗ ತಾಯಿಯೊಬ್ಬಳೇ. ಆದುದರಿಂದ ಮಗುವನ್ನು ನೋಡಿಕೊಳ್ಳಲು ಸಂಬಳದ ಹೆಂಗಸನ್ನು ಹುಡುಕುವುದು ಅನಿವಾರ್ಯವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಹೆತ್ತವಳು ಕೂಲಿಯವಳ ಕೈಗೆ ಮಗುವನ್ನು ಕೊಟ್ಟಳೆಂದು ಆಡಿಕೊಳ್ಳುವವರು ಒಂದು ದಿನ ಬಂದು ಆ ಮಗುವನ್ನು ಎತ್ತಿ ಸ್ನಾನ ಮಾಡಿಸಿ ನೋಡಲಿ.

ಹುಡುಕುವಾಗ ಮೊದಲು ಕೇಳುವ ಪ್ರಶ್ನೆ ‘ನಮ್ಮವಳೇ ಸಿಗುತ್ತಾಳೆಯೆ?’ ಎಂಬುದು. ಅಡಿಗೆಮನೆಯ ಶುದ್ಧಿಯ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಡಿಗೆ ಬೇರೆ, ಮಗುವಿನ ಆರೈಕೆ ಬೇರೆ. ಆಕೆ ತನ್ನ ಮನೆಯಲ್ಲಿ ಏನು ಉಣ್ಣುತ್ತಾಳೆಂಬುದಕ್ಕಿಂತ ಮೊದಲು, ಜೊಲ್ಲು ಒರೆಸುವಾಗ ಆಕೆಯ ಮುಖ ಹೇಗಿರುತ್ತದೆಂಬುದನ್ನು ನೋಡಬೇಕು. ನಿರ್ವಿಚಿಕಿತ್ಸೆಯನ್ನು ಸಮ್ಯಗ್ದರ್ಶನದ ಅಂಗವೆಂದು ನಾವು ಬಾಯಿಪಾಠ ಮಾಡಿರುತ್ತೇವೆ. ಅದನ್ನು ಹೆಸರೂ ತಿಳಿಯದೆ ಕೈಯಲ್ಲಿ ಪಡೆದುಬಂದವರು ಬೇರೆಯವರ ಮನೆಗಳಲ್ಲಿಯೂ ಇದ್ದಾರೆ.

ಇನ್ನೊಂದು ರೂಢಿ ನಮ್ಮ ಕಡೆ ಬಹುಕಾಲ ನಡೆಯಿತು: ಬಡವರ ಮನೆಯ ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ‘ಕೂಸು ಆಡಿಸಲಿಕ್ಕೆ’ ಎಂದು ತಂದಿಟ್ಟುಕೊಳ್ಳುವುದು. ಊಟ ಬಟ್ಟೆ ಕೊಟ್ಟರಾಯಿತು, ಪುಣ್ಯವೂ ಬಂತು ಎಂಬ ಲೆಕ್ಕ. ಹದಿನಾಲ್ಕು ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಸರ್ಕಾರವು 2006ರ ಅಕ್ಟೋಬರಿನಲ್ಲಿ ನಿಷೇಧಿಸಿತು. 2016ರ ತಿದ್ದುಪಡಿಯಿಂದ ಕಾನೂನು ಇನ್ನೂ ಬಿಗಿಯಾಯಿತು. ಕಾನೂನಿಗೆ ಕಾಯಬೇಕಾಗಿರಲಿಲ್ಲ. ಒಂದು ಮಗುವಿನ ಭಾರವನ್ನು ಇನ್ನೊಂದು ಮಗುವಿನ ಸೊಂಟದ ಮೇಲೆ ಇಡುವುದು ಅತಿಭಾರಾರೋಪಣವಲ್ಲದೆ ಮತ್ತೇನು?

ಇಲ್ಲಿ ಕೆಲವರು ಹೇಳುವುದುಂಟು: ‘ಸಂಬಳ ಕೊಡುತ್ತೇವೆ, ಮಾಡುವವಳು ಅವಳು, ಅವಳ ಶ್ರಮಕ್ಕೂ ನಮ್ಮ ವ್ರತಕ್ಕೂ ಏನು ಸಂಬಂಧ?’ ಶಾಸ್ತ್ರವು ಈ ದಾರಿಯನ್ನು ಮುಚ್ಚಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ ವಚನ ಕಾಯಗಳೆಂಬ ಮೂರರಿಂದಲೂ, ಕೃತ ಕಾರಿತ ಅನುಮೋದನೆಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಅರ್ಥವನ್ನು ಹಿರಿಯರು ಹೇಳುತ್ತಾರೆ. ಕೃತ, ಕಾರಿತ, ಅನುಮೋದನೆ ಈ ಮೂರರ ಪಾಲಿಗೂ ಮೂವತ್ತಾರು ಮೂವತ್ತಾರು ಮಣಿಗಳೇ. ಮಾಡಿಸಿದ್ದಕ್ಕೆ ಮಾಡಿದ್ದಕ್ಕಿಂತ ಒಂದು ಮಣಿಯೂ ಕಡಿಮೆಯಿಲ್ಲ. ದಾದಿಯ ಕೈಯಿಂದ ನಡೆಯುವ ಸೇವೆಯ ಪುಣ್ಯದಲ್ಲಿ ನಮಗೆ ಪಾಲು ಬೇಕಾದರೆ, ಆಕೆಯ ಬೆನ್ನುನೋವಿನ ಲೆಕ್ಕವೂ ನಮ್ಮ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ.

ಮುನಿಗಳ ಆಹಾರದ ದೋಷಗಳನ್ನು ಹೇಳುವಾಗ ಮೂಲಾಚಾರದಲ್ಲಿ ಧಾತ್ರಿಯರ ಪ್ರಸ್ತಾಪ ಬರುತ್ತದೆ. ಸ್ನಾನ ಮಾಡಿಸುವವಳು, ಅಲಂಕರಿಸುವವಳು, ಆಡಿಸುವವಳು, ಹಾಲೂಡುವವಳು, ತಾಯಿಯ ಸ್ಥಾನದಲ್ಲಿ ನಿಲ್ಲುವವಳು ಎಂದು ಐದು ಬಗೆ. ನಾವು ಐವರ ಕೆಲಸವನ್ನು ಒಬ್ಬಳಿಗೆ ಒಪ್ಪಿಸಿ, ಮಗು ಮಲಗಿದಾಗ ಪಾತ್ರೆ ತಿಕ್ಕೆನ್ನುತ್ತೇವೆ. ಮಲಗಿದ ಮಗುವಿನ ಬಳಿ ಸುಮ್ಮನೆ ಕುಳಿತಿರುವುದೂ ಕೆಲಸವೇ. ಅಪಸ್ಮಾರವುಳ್ಳ ಮಗುವಾದರೆ ಅದೇ ಮುಖ್ಯ ಕೆಲಸ.

ಪರ್ವದಿನಗಳಲ್ಲಿ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ದಶಲಕ್ಷಣದಲ್ಲಿ, ಅಷ್ಟಮಿ ಚತುರ್ದಶಿಗಳಲ್ಲಿ, ಮನೆಮಂದಿಯೆಲ್ಲ ಉಪವಾಸವಿದ್ದು ಒಲೆ ಹಚ್ಚದಿದ್ದರೆ ಬೆಳಿಗ್ಗೆ ಬಂದ ದಾದಿ ಏನು ಉಣ್ಣಬೇಕು? ಆಕೆ ವ್ರತ ಹಿಡಿದವಳಲ್ಲ. ಇಪ್ಪತ್ತು ಕಿಲೊ ಮೀರಿದ ಮಗುವನ್ನು ದಿನಕ್ಕೆ ಹತ್ತಾರು ಬಾರಿ ಎತ್ತಿ ಇಳಿಸುವವಳು. ನಮ್ಮ ಅನಶನ ಆಕೆಯ ಪಾಲಿಗೆ ಅನ್ನಪಾನನಿರೋಧವಾದರೆ, ಉಪವಾಸದ ದಿನದಂದೇ ಅಣುವ್ರತಕ್ಕೆ ಅತಿಚಾರ ತಗಲಿದಂತಾಯಿತು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಗೃಹಸ್ಥನು ಆಶ್ರಿತರನ್ನೂ, ಕರುಣೆಯಿಂದ ಆಶ್ರಿತರಲ್ಲದ ದೀನರನ್ನೂ ಪೋಷಿಸಿದ ಮೇಲೆ ತಾನು ಹಗಲಿನಲ್ಲಿ ಉಣ್ಣಬೇಕೆಂದು ವಿಧಿಸಿದ್ದಾರೆ. ತಾನು ಉಣ್ಣದ ದಿನ ಈ ಮೊದಲನೆಯ ಭಾಗ ಬಿಟ್ಟುಹೋಗುತ್ತದೆಂದು ಎಲ್ಲಿಯೂ ಹೇಳಿಲ್ಲ. ಎರಡು ಜೋಳದ ರೊಟ್ಟಿ, ಬೇಳೆ ಪಲ್ಯ ಆಕೆಗಾಗಿ ಆಗಲೇಬೇಕು.

ಅದೇ ಸ್ಥಳದಲ್ಲಿ ಆಶಾಧರರು ಪಾಕ್ಷಿಕ ಶ್ರಾವಕನಿಗೆ ರಾತ್ರಿ ನೀರು, ಔಷಧಿಗಳಿಗೆ ಅವಕಾಶವಿತ್ತಿದ್ದಾರೆ. ವ್ರತವೆಂದರೆ ಅರಿತು ಬಿಡುವುದು. ಏನನ್ನೂ ಬಿಡುತ್ತೇನೆನ್ನಲಾರದ ಮಗುವಿಗೆ ರಾತ್ರಿಯ ಅಪಸ್ಮಾರದ ಔಷಧವನ್ನು ತಪ್ಪಿಸುವುದು ಯಾವ ಧರ್ಮ? ಒಂದು ಹೊತ್ತು ತಪ್ಪಿದರೂ ಮೂರ್ಛೆ ಬರಬಹುದು. ಸಂಜೆಯ ಊಟದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮೊದಲೇ ಊಟ ಮುಗಿಯಬೇಕೆಂದು ನಾವು ಅವಸರಪಡಿಸುತ್ತೇವೆ. ಈ ಮಕ್ಕಳಿಗೆ ತಲೆ ಕೊಂಚ ಮುಂದಕ್ಕೆ ಬಾಗುವಂತೆ ನೇರ ಕೂರಿಸಿ, ಚಿಕ್ಕ ತುತ್ತಿಟ್ಟು, ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು ಇಡಬೇಕು. ಒಂದು ಗಂಟೆಯೂ ಹಿಡಿಯಬಹುದು. ಅಂಗಾತ ಮಲಗಿಸಿ ಅವಸರದಿಂದ ತುರುಕಿದರೆ ಅನ್ನ ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಬೇಗ ಮುಗಿಸೆಂದು ದಾದಿಯನ್ನು ಗದರಿಸುವ ಬದಲು ನಾಲ್ಕು ಗಂಟೆಗೇ ಪ್ರಾರಂಭಿಸಲು ಅನ್ನ ಸಿದ್ಧಮಾಡಿಕೊಡಬೇಕು. ಅಷ್ಟಾಗಿಯೂ ಹೊತ್ತು ಮೀರಿತೆನ್ನಿ. ಮಗು ಉಣ್ಣಲಿ.

ತಾಯಂದಿರಿಗೊಂದು ಮಾತು. ದಾದಿ ಬಾರದ ದಿನ ನಿರಾಹಾರವಿದ್ದು ಮಗುವನ್ನೆತ್ತುವಾಗ ತಲೆ ತಿರುಗಿದರೆ ಬೀಳುವವರು ಇಬ್ಬರು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಯಂತೆ ಎಂದು ಅಳೆದೇ ಹೇಳಿದೆ. ಅದೇ ಪಟ್ಟಿಯಲ್ಲಿ ವೈಯಾವೃತ್ತ್ಯವೂ ಇದೆ. ಅನಶನ ಬಾಹ್ಯತಪಸ್ಸು, ವೈಯಾವೃತ್ತ್ಯ ಅಂತರಂಗ ತಪಸ್ಸು. ಶಾಸ್ತ್ರವು ಅದನ್ನು ಮುಖ್ಯವಾಗಿ ಮುನಿಸಂಘದ ವಿಷಯದಲ್ಲಿ ಹೇಳಿದೆಯೆಂಬುದು ನಿಜ. ಆದರೆ ವಾಂತಿ ಮಾಡಿಕೊಂಡ ರೋಗಿಮುನಿಯನ್ನು ಉದ್ದಾಯನ ಮಹಾರಾಜನು ಸೇವಕರನ್ನು ಕರೆಯದೆ ತಾನೇ ತೊಳೆದನೆಂಬ ಕಥೆ ಕೇಳಿದ ಗಂಡಸರು, ದಾದಿ ಬಾರದ ದಿನ ಮಗುವಿನ ಬಟ್ಟೆ ಬದಲಿಸಲು ಹಿಂಜರಿಯುವುದು ಏಕೆ?

ಸಂಬಳದ ಮಾತು. ಸುಗ್ಗಿ ಬಂದೊಡನೆ ದಾದಿ ಕೆಲಸ ಬಿಟ್ಟು ಹೊಲಕ್ಕೆ ಹೋದಳೆಂದು ಬೇಸರಪಡುವವರಿದ್ದಾರೆ. ಹೊಲದ ಕೂಲಿಗಿಂತ ನಾವು ಕಡಿಮೆ ಕೊಟ್ಟರೆ ಆಕೆ ಮತ್ತೇನು ಮಾಡಬೇಕು? ಮನೆಗೆಲಸದವರಿಗೆ ಕರ್ನಾಟಕ ಸರ್ಕಾರವು 2004ರಲ್ಲಿಯೇ ಕನಿಷ್ಠ ವೇತನ ಗೊತ್ತುಪಡಿಸಿತು. ಸಮಂತಭದ್ರರು ರತ್ನಕರಂಡಕದಲ್ಲಿ ಅತಿಭಾರವನ್ನು ಎರಡು ಕಡೆ ಎಣಿಸಿದ್ದಾರೆ: ಒಮ್ಮೆ ಅಹಿಂಸೆಯ ಅತಿಚಾರಗಳಲ್ಲಿ, ಮತ್ತೊಮ್ಮೆ ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ. ಹೆಚ್ಚು ಹೇರುವ ಕೈಯಲ್ಲಿ ಹಿಂಸೆಯಿರುವಂತೆ ಲೋಭವೂ ಇರುತ್ತದೆಂದು ಬಲ್ಲವರಾದುದರಿಂದ.

ಇಂಥ ಮಗುವುಳ್ಳವರು ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಮಗುವನ್ನು ಎತ್ತುವ, ಕೂರಿಸುವ, ಉಣಿಸುವ ರೀತಿಯನ್ನು ಎಲ್ಲಿ ಕಲಿಸುತ್ತಾರೆಂದು ವಿಚಾರಿಸಬೇಕು. ಕಲಿಯಲು ಹೋಗುವಾಗ ದಾದಿಯನ್ನೂ ಜೊತೆಯಲ್ಲಿ ಕರೆದೊಯ್ಯಬೇಕು. ಆ ದಿನದ ಸಂಬಳವನ್ನು ಹಿಡಿಯಬಾರದು.