ಮೀನು ಪ್ರಮಾಣವಾಗಬಹುದೆ?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಇಂದು ಪಟ್ಟಣಗಳಿಗೆ ಮಾತ್ರ ಸೀಮಿತವಾದುದಲ್ಲ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಗೃಹಸ್ಥನೊಬ್ಬನು ತನ್ನ ಪಡಸಾಲೆಯಲ್ಲಿ ಅಂಥ ತೊಟ್ಟಿಯನ್ನಿರಿಸಿದನೆಂದು ಇಟ್ಟುಕೊಳ್ಳಬಹುದು. ತೊಟ್ಟಿಯ ಹಿಂಬದಿಯ ಬರಿಯ ಗಾಜು ಅವನ ಕಣ್ಣಿಗೆ ಒಪ್ಪದು. ತನ್ನ ಸೀಮೆಯ ಕಲ್ಲುಗುಡ್ಡಗಳ ಹೋಲಿಕೆಯನ್ನು ನೀರೊಳಗೆ ತರಬೇಕೆಂದು ಥರ್ಮಾಕೋಲಿನ ಹಲಗೆಯನ್ನು ಕೊರೆದು, ಮೇಲೆ ಸಿಮೆಂಟನ್ನು ಬಳಿದು, ಬಣ್ಣ ಕೊಟ್ಟು, ಸಿಲಿಕೋನ್ ಅಂಟಿನಿಂದ ಒಳಬದಿಗೆ ಕೂರಿಸಬೇಕೆಂದಿದ್ದಾನೆ. ಕೈಕೆಲಸ ಸೊಗಸಾಗಿದೆ. ಆದರೆ ಇದು ಮೀನುಗಳಿಗೆ ವಿಷವಾಗದೆಂದು ತಿಳಿಯುವುದು ಹೇಗೆ? ಸುಲಭವಾದ ಉತ್ತರವೊಂದು ಎಲ್ಲೆಡೆಯೂ ಸಿದ್ಧವಾಗಿರುತ್ತದೆ: ಅಗ್ಗದ ಮೀನೊಂದನ್ನು ಬಿಟ್ಟು ನೋಡತಕ್ಕುದು, ಬದುಕಿದರೆ ಒಳ್ಳೆಯದು, ಸತ್ತರೆ ಹೋದದ್ದು ಒಂದೇ ಮೀನು.

ಈ ಉತ್ತರದಲ್ಲಿ ಎರಡು ದೋಷಗಳಿವೆ. ಒಂದು ಧರ್ಮದ್ದು, ಇನ್ನೊಂದು ತರ್ಕದ್ದು. ತರ್ಕದ ದೋಷವನ್ನೇ ಮೊದಲು ನೋಡುವುದು ಲೇಸು. ಏಕೆಂದರೆ ದಯೆಯ ಮಾತನ್ನಾಡಿದೊಡನೆ ‘ಇದು ಮೃದುಹೃದಯದವರ ಮಾತು’ ಎಂದು ತಳ್ಳಿಹಾಕುವವರು ಬಹಳ.

‘ಮೀನು ಬದುಕಿದೆ, ಆದುದರಿಂದ ನೀರು ನಿರ್ವಿಷ’ ಎಂಬ ಅನುಮಾನದಲ್ಲಿ ಹೇತುವು ಸವ್ಯಭಿಚಾರಿಯಾದುದು. ಕೆಲವು ಬಣ್ಣಗಳಲ್ಲಿರುವ ತಾಮ್ರ, ಸೀಸಗಳಂಥ ಲೋಹಗಳು ನೀರಿಗೆ ಇಳಿಯುವುದು ಮೆಲ್ಲಮೆಲ್ಲನೆ. ಎರಡು ದಿನ ಬದುಕಿದ ಮೀನು ಎರಡನೆಯ ತಿಂಗಳಿಗೆ ಸಾಕ್ಷಿಯಾಗಲಾರದು. ಪ್ರಯೋಗಶಾಲೆಗಳಲ್ಲಿ ಮೀನುಗಳ ಮೇಲೆ ನಡೆಸುವ ತೀವ್ರವಿಷದ ಪರೀಕ್ಷೆಯು ಸಾಮಾನ್ಯವಾಗಿ 96 ಗಂಟೆಗಳದು; ಅಷ್ಟರಲ್ಲಿ ಅರ್ಧ ಮೀನುಗಳು ಸಾಯುವ ಪ್ರಮಾಣವೆಷ್ಟೆಂಬುದನ್ನು ಅದು ಹೇಳುತ್ತದೆಯೇ ಹೊರತು, ಉಳಿದರ್ಧವು ಸುಖವಾಗಿದೆಯೆಂದು ಹೇಳುವುದಿಲ್ಲ. ಇನ್ನು ಮೀನು ಸತ್ತರೂ ಕಾರಣ ನಿಶ್ಚಯವಾಗದು. ಹೊಸ ತೊಟ್ಟಿಯಲ್ಲಿ ಮೀನಿನ ಮಲದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಅಷ್ಟರಲ್ಲಿ ಸತ್ತ ಮೀನು ಅಮೋನಿಯಾದಿಂದ ಸತ್ತಿತೊ, ಸಿಮೆಂಟಿನಿಂದ ಸತ್ತಿತೊ? ಸಿಮೆಂಟಿನ ಕ್ಷಾರವು ಹೆಚ್ಚಿದಂತೆ ಅಮೋನಿಯಾದ ವಿಷವೂ ಹೆಚ್ಚುವುದರಿಂದ ಎರಡನ್ನೂ ಬೇರ್ಪಡಿಸುವುದೇ ಕಷ್ಟ. ಹೀಗೆ ಬದುಕಿದರೂ ಸತ್ತರೂ ಏನನ್ನೂ ತಿಳಿಸದ ಸಾಕ್ಷಿಗಾಗಿ ಒಂದು ಪ್ರಾಣವನ್ನು ತೆತ್ತಂತಾಯಿತು.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ನಮ್ಮ ಶಾಸ್ತ್ರಕಾರರು ಕಾರಣವನ್ನು ನಿಶ್ಚಯಿಸಲು ಹೇಳಿದ ಅನ್ವಯ-ವ್ಯತಿರೇಕಗಳೇ ಇಲ್ಲಿಯೂ ಸಾಕು. ಒಂದೇ ಬಾವಿಯ ನೀರನ್ನು ಎರಡು ಶುದ್ಧವಾದ ಬಕೆಟ್ಟುಗಳಲ್ಲಿ ತುಂಬಿ, ಒಂದರಲ್ಲಿ ಹಲಗೆಯ ತುಣುಕನ್ನು ಮುಳುಗಿಸಿಡಬೇಕು. ಥರ್ಮಾಕೋಲು ತೇಲುವುದರಿಂದ ಮೇಲೊಂದು ಕಲ್ಲನ್ನು ಹೇರಬೇಕು. ಅದೇ ಬಗೆಯ ಕಲ್ಲು ಎರಡನೆಯ ಬಕೆಟ್ಟಿನಲ್ಲಿಯೂ ಇರಬೇಕು. ಉಳಿದಂತೆ ಎರಡನೆಯದು ಬರಿಯ ನೀರು. ತೊಟ್ಟಿಗಿಂತ ಕಡಿಮೆ ನೀರಿನಲ್ಲಿ ಹೆಚ್ಚು ತುಣುಕನ್ನಿಟ್ಟಷ್ಟೂ ಪರೀಕ್ಷೆ ಬಿಗಿಯಾಗುತ್ತದೆ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶವು ಹೊರಬಂದು ನೀರಿನ ಪಿ.ಎಚ್. ಅಂಕವನ್ನು 11ರ ಮೇಲೆಯೂ ಏರಿಸಬಲ್ಲುದು. ಮೀನಿಗೆ ಅದು ಮಾರಕ. ಕೆಲವು ದಿನಗಳಿಗೊಮ್ಮೆ ನೀರನ್ನು ಚೆಲ್ಲಿ ಹೊಸ ನೀರನ್ನು ತುಂಬುತ್ತ ವಾರಗಟ್ಟಲೆ ನೆನೆಸಿದ ಮೇಲೆ, ಎರಡು ಬಕೆಟ್ಟುಗಳ ಅಂಕವೂ ಒಂದೇ ಆಗಿ ನಿಲ್ಲಬೇಕು. ಚೆಲ್ಲುವ ಸುಣ್ಣದ ನೀರು ಕಾಲುವೆಗಾಗಲಿ ದನದ ಬಾನಿಗಾಗಲಿ ಸೇರಬಾರದು. ಬರಿಯ ನೀರಿನ ಬಕೆಟ್ಟು ಏಕೆಂದು ಕೇಳುವವರುಂಟು. ಕೊಳವೆಬಾವಿಯ ಗಡಸು ನೀರು ಅನೇಕ ಕಡೆ ಮೊದಲೇ ಕ್ಷಾರಯುಕ್ತವಾಗಿರುತ್ತದೆ. ಹೋಲಿಸುವ ನೀರಿಲ್ಲದಿದ್ದರೆ ಬಾವಿಯ ದೋಷವನ್ನು ಸಿಮೆಂಟಿನ ಮೇಲೆ ಹೊರಿಸಿದಂತಾಗುತ್ತದೆ.

ಅಳೆಯುವ ಕಾಗದವು ದೊರೆಯದಿದ್ದರೆ ಮನೆಯ ಅರಿಶಿನವೇ ಸೂಚಕವಾದೀತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ಅರಿಯದ ಗೃಹಿಣಿಯಿಲ್ಲ. ಆದರೆ ಇದು ಪ್ರಬಲವಾದ ಕ್ಷಾರವನ್ನು ಮಾತ್ರ ತೋರಿಸುತ್ತದೆ. ತಾಮ್ರ, ಸೀಸಗಳ ವಿಷಯದಲ್ಲಿ ಅರಿಶಿನವು ಮೂಕ. ಅಲ್ಲಿ ಪರೀಕ್ಷೆಗಿಂತ ವರ್ಜನೆಯೇ ಮೇಲು. ಲೋಹದ ವರ್ಣಕಗಳುಳ್ಳ ಬಣ್ಣವನ್ನೂ, ಬೂಷ್ಟುನಿರೋಧಕ ಔಷಧ ಬೆರೆಸಿದ ಸ್ನಾನಗೃಹದ ಸಿಲಿಕೋನನ್ನೂ ಮೊದಲೇ ದೂರವಿರಿಸಬೇಕು. ಒಳ್ಳೆಯ ಸಿಲಿಕೋನಿನಿಂದಲೂ ಗಟ್ಟಿಯಾಗುವವರೆಗೆ ಹುಳಿ ವಾಸನೆಯ ಅಸಿಟಿಕ್ ಆಮ್ಲ ಹೊರಡುವುದುಂಟು; ವಾಸನೆ ಪೂರ್ತಿ ಅಡಗುವ ತನಕ ಅದು ನೀರನ್ನು ಸೋಕಬಾರದು.

ಈ ಆಮ್ಲದ ಹೆಸರು ಬಂದುದರಿಂದ ಧರ್ಮದ ಮಾತಿಗೆ ದಾರಿಯಾಯಿತು. ಮೀನಿಗೆ ನೋವಾಗುವುದಿಲ್ಲವೆಂದು ಬಹುಕಾಲ ನಂಬಿದವರಿದ್ದರು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯಲ್ಲಿ ನೋವನ್ನು ಗ್ರಹಿಸುವ ನರಗಳನ್ನು ಗುರುತಿಸಿದರು. ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿದ ಮೀನುಗಳು ಬಾಯನ್ನು ನುರುಜುಗಲ್ಲಿಗೆ ಉಜ್ಜಿದವು, ಆಹಾರಕ್ಕೆ ಮರಳಲು ತಡಮಾಡಿದವು. (ಮೀನಿನ ನೋವನ್ನು ಸಿದ್ಧಪಡಿಸಲು ಮೀನನ್ನೇ ನೋಯಿಸಬೇಕಾಯಿತೆಂಬುದು ಲೋಕದ ವಿಪರ್ಯಾಸ.) ನಮ್ಮ ದೇಶದ 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮವು ‘ಪ್ರಾಣಿ’ ಎಂಬ ಶಬ್ದಕ್ಕೆ ಮನುಷ್ಯನ ಹೊರತಾದ ಎಲ್ಲ ಜೀವಿಗಳೆಂದೇ ಅರ್ಥವಿಟ್ಟಿದೆ, ಬೇರೆ ಉಪಾಯವಿರುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆಂಬ ತತ್ತ್ವವನ್ನೂ ಅದು ಒಳಗೊಂಡಿದೆ. ಬಕೆಟ್ಟು, ಅರಿಶಿನ, ಒಂದು ತಿಂಗಳ ತಾಳ್ಮೆ ಇವೇ ಇಲ್ಲಿ ಬೇರೆ ಉಪಾಯ.

ಪಾಮನಕಲ್ಲೂರಿನ ತಾಲ್ಲೂಕು ಕೇಂದ್ರವಾದ ಮಸ್ಕಿಯು 1915ರಲ್ಲಿ ದೊರೆತ ಅಶೋಕನ ಶಾಸನದಿಂದ ಪ್ರಸಿದ್ಧವಾದುದು. ದೇವಾನಾಂಪ್ರಿಯನೆಂಬುವನು ಅಶೋಕನೇ ಎಂಬುದನ್ನು ಅದು ಸ್ಥಿರಪಡಿಸಿತು. ಆ ಅರಸನೇ ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಪರ್ವದಿನಗಳಂದು ಮೀನನ್ನು ಕೊಲ್ಲಲೂ ಮಾರಲೂ ಬಾರದೆಂದು ವಿಧಿಸಿದನು. ಶರಣರಂತೂ ಕರುಣೆಗೆ ಜೀವದ ಗಾತ್ರವನ್ನು ಅಳತೆಗೋಲಾಗಿಸಲಿಲ್ಲ. ಅವರು ಬೋಧಿಸಿದ ಕಾಯಕದ ದೃಷ್ಟಿಯಿಂದ ನೋಡಿದರೂ, ತನ್ನ ಕೈಯ ಕೆಲಸದ ಗುಣದೋಷಗಳಿಗೆ ಮಾಡಿದವನೇ ಹೊಣೆ. ಆ ಹೊಣೆಯನ್ನು ಅಗ್ಗದ ಮೀನಿಗೆ ವರ್ಗಾಯಿಸುವುದು ಕಾಯಕವಲ್ಲ. ‘ಅಗ್ಗ’ ಎಂಬುದಾದರೂ ಅಂಗಡಿಯ ಮಾತು. ಮೀನಿಗೆ ತನ್ನ ಪ್ರಾಣವು ಅಗ್ಗವಲ್ಲ.

ಇಲ್ಲಿ ಚತುರನಾದವನು ಕೇಳಬಹುದು: ಎಷ್ಟು ಪರೀಕ್ಷಿಸಿದರೂ ಕೊನೆಗೆ ಮೊದಲನೆಯ ಮೀನೊಂದು ನೀರಿಗಿಳಿಯಲೇ ಬೇಕಲ್ಲವೆ? ಅದೂ ಪರೀಕ್ಷೆಯೇ ಅಲ್ಲವೆ? ಆಕ್ಷೇಪವು ಬಲವಾದುದು. ಸಂಪೂರ್ಣ ನಿಶ್ಚಯವು ಮನುಷ್ಯನಿಗೆ ಲಭ್ಯವಿಲ್ಲ. ಆದರೆ ಸಂಶಯವಿದ್ದಾಗ ಸಂಶಯಪರಿಹಾರಕ್ಕಾಗಿ ಮೀನನ್ನು ನೂಕುವುದು ಬೇರೆ. ತನ್ನಿಂದಾದ ಸಂಶಯವನ್ನೆಲ್ಲ ಕಳೆದುಕೊಂಡು, ಸಾಕುವುದಕ್ಕಾಗಿ ಮೀನನ್ನು ಬರಮಾಡಿಕೊಳ್ಳುವುದು ಬೇರೆ. ಮೊದಲನೆಯವನಿಗೆ ಮೀನಿನ ಸಾವು ಒಂದು ಫಲಿತಾಂಶ, ಎರಡನೆಯವನಿಗೆ ಅನಾಹುತ. ಈ ಭೇದವು ಬರಿಯ ಭಾವದಲ್ಲಿದ್ದರೆ ಸಾಲದು, ಸಿದ್ಧತೆಯಲ್ಲಿ ಕಾಣಬೇಕು: ಹದಗೊಂಡ ನೀರಿನ ಬೇರೊಂದು ಪಾತ್ರೆ ಪಕ್ಕದಲ್ಲಿದೆಯೆ? ಮೀನು ಮೇಲೆ ಬಂದು ಬಾಯ್ದೆರೆದು ಉಸಿರಿಗಾಗಿ ತಡಕಾಡಿದರೆ ಆ ಕ್ಷಣವೇ ಎತ್ತುವವರಿದ್ದಾರೆಯೆ?

ಹಿನ್ನೆಲೆಯೇ ಬೇಡವೆನ್ನುವುದು ಅತಿಯಾದೀತು. ನಾಲ್ಕು ಕಡೆಯೂ ಬೆಳಕು ತೂರುವ ತೊಟ್ಟಿಯಲ್ಲಿ ಅನೇಕ ಮೀನುಗಳು ಬೆದರುತ್ತವೆ. ಹಿಂದೆ ಕಪ್ಪಾದ ಗೋಡೆಯೊಂದಿದ್ದರೆ ಅವಕ್ಕೂ ನೆಮ್ಮದಿ. ಆದರೆ ಅಷ್ಟಕ್ಕೆ ಗಾಜಿನ ಹೊರಬದಿಗೆ ಅಂಟಿಸಿದ ಕರಿಯ ಕಾಗದ ಸಾಕು. ಅದು ನೀರನ್ನು ಮುಟ್ಟುವುದೇ ಇಲ್ಲ. ಕಲ್ಲುಗುಡ್ಡದ ಚೆಲುವು ಮೀನಿಗಲ್ಲ, ನೋಡುವವನಿಗೆ. ಆ ಚೆಲುವು ಬೇಕೆನ್ನುವವನು ತಿಂಗಳುಗಟ್ಟಲೆ ಕೊರೆದು ಬಳಿದ ಹಲಗೆಯನ್ನು, ಬಕೆಟ್ಟಿನ ನೀರು ಒಪ್ಪದಿದ್ದಲ್ಲಿ, ಎತ್ತಿ ಎಸೆಯಲೂ ಸಿದ್ಧನಿರಬೇಕು.