ನಳಿಕೆಯೂ ಮಡಿಯೂ

ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮೂತ್ರಮಾರ್ಗದಲ್ಲಿ ಇರಿಸುವ ಕ್ಯಾಥೆಟರನ್ನು ಎಂದು ತೆಗೆಯಬೇಕೆಂಬುದು ವೈದ್ಯರು ನಿರ್ಣಯಿಸತಕ್ಕ ವಿಷಯವೇ ಸರಿ. ಆದರೆ ನಾಗಪುರದಲ್ಲಿ ಬಹುಕಾಲದಿಂದ ನೆಲಸಿರುವ ಕನ್ನಡದ ಹಿರಿಯರೊಬ್ಬರು, ಚೌತಿಯು ಸಮೀಪಿಸುತ್ತಿದ್ದ ದಿನಗಳಲ್ಲಿ, ಆಸ್ಪತ್ರೆಯ ಮಂಚದ ಮೇಲಿಂದ 'ಇದು ಒಳಗಿರುವ ತನಕ ನಾನು ದೇವರ ಮುಂದೆ ಕೂರಬಹುದೆ?' ಎಂದು ಕೇಳಿದಾಗ ಅದು ಧರ್ಮಜಿಜ್ಞಾಸೆಯೂ ಆಯಿತು. ಹಬ್ಬಕ್ಕೆ ಮುಂಚೆಯೇ ತೆಗೆಸಿಬಿಡಬೇಕೆಂದು ಮನೆಯವರ ಅವಸರ.

ದೇಹವು ಪಂಚಾಂಗವನ್ನು ನೋಡಿ ಮಾಯುವುದಿಲ್ಲ. ಮೂತ್ರಮಾರ್ಗದ ಒಳಗಿನಿಂದಲೇ ಉಪಕರಣವನ್ನು ಸಾಗಿಸಿ ಬೆಳೆದ ಭಾಗವನ್ನು ಕೆತ್ತಿ ತೆಗೆದಿದ್ದರೆ, ಸಲೈನಿನಿಂದ ತೊಳೆದಂತೆಲ್ಲ ನಳಿಕೆಯಲ್ಲಿಳಿಯುವ ಕೆಂಪು ನಸುಗೆಂಪಾಗಿ, ಬಳಿಕ ತಿಳಿಯಾಗುವುದನ್ನು ಕಂಡು, ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ ಅದನ್ನು ತೆಗೆಯುತ್ತಾರೆ. ಕ್ಯಾನ್ಸರಿನ ಕಾರಣ ಗ್ರಂಥಿಯನ್ನೇ ತೆಗೆದು ಮೂತ್ರಕೋಶವನ್ನು ಮೂತ್ರನಾಳಕ್ಕೆ ಹೊಲಿದಿದ್ದರೆ, ಆ ಹೊಲಿಗೆ ಕೂಡಿಕೊಳ್ಳುವವರೆಗೆ, ಅಂದರೆ ಸಾಧಾರಣವಾಗಿ 7ರಿಂದ 14 ದಿನ, ಇರಿಸಬೇಕಾಗುತ್ತದೆ. ಬೇಗ ತೆಗೆದರೆ ಮೂತ್ರ ಕಟ್ಟೀತು, ಹೊಲಿಗೆ ಸೋರೀತು. ಅನಾವಶ್ಯಕವಾಗಿ ಉಳಿಸಿದರೆ ದಿನದಿನಕ್ಕೂ ಸೋಂಕಿನ ಭಯ ಏರುತ್ತದೆ.

ಮಡಿಯ ವಿಷಯದಲ್ಲಿ ನಮ್ಮ ಪೂರ್ವಿಕರು ನಾವು ಊಹಿಸುವಷ್ಟು ಕಠೋರರಾಗಿರಲಿಲ್ಲ. ರೋಗಿಗೆ ಒದ್ದೆ ಬಟ್ಟೆಯಿಂದ ಮೈಯೊರೆಸುವುದು ಸಾಕು, ಮಂತ್ರಸ್ನಾನವೂ ಸಾಕು ಎಂದು ಧರ್ಮಶಾಸ್ತ್ರವು ಅನುಮತಿಸಿದೆ. ಮೂತ್ರ ನಿಲ್ಲದವನು ಪ್ರತಿ ನಮಾಜಿನ ವೇಳೆಗೂ ಹೊಸದಾಗಿ ವುಜೂ ಎಂಬ ಅಂಗಶುದ್ಧಿಯನ್ನು ಮಾಡಿಕೊಂಡರೆ ಪ್ರಾರ್ಥನೆಗೆ ಅಡ್ಡಿಯಿಲ್ಲವೆಂದು ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು ಹೇಳಿದ್ದಾರೆ. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ದೀಕ್ಷಾಭೂಮಿಯು ಇದೇ ನಾಗಪುರದಲ್ಲಿದೆಯಷ್ಟೆ. ಆ ಧರ್ಮದ ಸತಿಪಟ್ಠಾನ ಸುತ್ತವು ಕೇಶ, ನಖ, ರಕ್ತಗಳೊಡನೆ ಮೂತ್ರವನ್ನೂ ಎಣಿಸಿ, ಶರೀರವು ಅಶುಚಿ ಪದಾರ್ಥಗಳಿಂದ ತುಂಬಿದುದೆಂದು ಭಾವಿಸಿ ನೋಡಲು ಭಿಕ್ಷುವಿಗೆ ಬೋಧಿಸುತ್ತದೆ. ಹಾಗಿರುವಲ್ಲಿ, ನಳಿಕೆಗೆ ಜೋಡಿಸಿದ ಆ ಹಿರಿಯರ ಮೂತ್ರದ ಚೀಲದಲ್ಲಿ ಕಾಣುವುದು ಅವರನ್ನು ನೋಡಲು ಬಂದವರೆಲ್ಲರ ಒಡಲಲ್ಲಿಯೂ ಇರತಕ್ಕದ್ದೇ. ಅದನ್ನು ಒಳಗಿಟ್ಟುಕೊಂಡ ಅರ್ಚಕನು ಗರ್ಭಗುಡಿಯನ್ನು ಪ್ರವೇಶಿಸಬಹುದಾದರೆ, ಹೊರಗೆ ತೂಗಿಕೊಂಡ ರೋಗಿಯು ಬಾಗಿಲಲ್ಲೇ ನಿಲ್ಲಬೇಕೆಂಬುದಕ್ಕೆ ಯಾವ ನ್ಯಾಯವೂ ನನಗೆ ತೋರದು. ಅನೇಕ ವೇಳೆ ನಾವು ಮೈಲಿಗೆಯೆಂದು ಕರೆಯುವುದು ನೆಂಟರೆದುರಿನ ಸಂಕೋಚವನ್ನು. ಆ ಸಂಕೋಚದ ಬೆಲೆಯನ್ನು ಇನ್ನೂ ಮಾಯದ ಗಾಯವೊಂದು ತೆರಬಾರದು.

ಆದುದರಿಂದ ಮನೆಯವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಳಿಕೆಯನ್ನು ತೆಗೆಯುವ ದಿನವನ್ನು ವೈದ್ಯರಿಗೆ ಬಿಡಿರಿ, ಚೌತಿಯ ದಿನ ಹಿರಿಯರನ್ನು ಮಣೆಗೆ ಬದಲಾಗಿ ಕುರ್ಚಿಯ ಮೇಲೆ ಕುಳ್ಳಿರಿಸಿ, ಚೀಲವು ಮೂತ್ರಕೋಶಕ್ಕಿಂತ ಕೆಳಗಿರುವಂತೆ ನೋಡಿಕೊಂಡು, ಪೂಜೆಯನ್ನು ಅವರ ಕೈಯಿಂದಲೇ ಮಾಡಿಸಿರಿ.